ಹೊಸ ಕಂಪ್ಯೂಟರ್ ಕೊಳ್ಳಲು ಹೊರಟ ನಮ್ಮ ಕಡೆಯ ಸ್ಟುಡಿಯೋದವರಿಗೆ, ನಕ್ಷೆಯವರಿಗೆ ಒಂದು ಪತ್ರ

ನಾವುಂದ, ಮರವಂತೆ, ಕಿರಿಮಂಜೇಶ್ವರ, ಉಪ್ಪುಂದ, ಬೈಂದೂರು ಕಡೆಯ ಸ್ಟುಡಿಯೋ ಮಾಲೀಕರಿಗೆ, ಮದುವೆ ವಿಡಿಯೊ ಎಡಿಟ್ ಮಾಡುವವರಿಗೆ, ಮನೆ ನಕ್ಷೆ ಮಾಡಿಕೊಡುವ ಎಂಜಿನಿಯರುಗಳಿಗೆ, ಯಕ್ಷಗಾನದ ನೇರಪ್ರಸಾರಕ್ಕೆ ರಾತ್ರಿಯಿಡೀ ಕೂರುವ ತಮ್ಮಂದಿರಿಗೆ,



ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ನಿಮ್ಮಲ್ಲಿ ಹಲವರ ಮೇಜಿನ ಮೇಲೆ ಇರುವುದು ಇಂಟೆಲ್‌ನ ಆರನೆಯದೋ ಏಳನೆಯದೋ ತಲೆಮಾರಿನ ಪ್ರೊಸೆಸರ್. ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದು ಹೆಚ್ಚೂಕಡಿಮೆ ಎಂಟನೇ ತಲೆಮಾರಿನಿಂದ ಈಚಿನದನ್ನು. ಅತ್ತ ಕ್ಯಾಮೆರಾ 4ಕೆಗೆ ಹೋಗಿ ವರ್ಷಗಳಾದವು. ಇತ್ತ ಹಳೆಯ ಯಂತ್ರ ಒಂದು ಮೆಹಂದಿಯ ವಿಡಿಯೊ ತೆರೆಯಲು ಏದುಸಿರು ಬಿಡುತ್ತದೆ. ಹಾಗಾಗಿ ಈ ವರ್ಷ ನಿಮ್ಮೆಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ಎಚ್‌ಪಿ, ಡೆಲ್, ಲೆನೊವೊ ಕಂಪನಿಗಳ ದುಬಾರಿ ವರ್ಕ್‌ಸ್ಟೇಷನ್ ತರುವುದೋ, ಬಿಡಿಭಾಗ ತಂದು ಅಸೆಂಬಲ್ ಮಾಡಿಸುವುದೋ?

ನಾನು ಬಿಡಿಭಾಗ ಮಾರುವವನಲ್ಲ, ಯಾವ ಕಂಪನಿಯ ಏಜೆನ್ಸಿಯೂ ನನ್ನ ಬಳಿ ಇಲ್ಲ. ನಿಮ್ಮಂಥವರಿಗೆ ಯಂತ್ರ ಜೋಡಿಸಿಕೊಟ್ಟು, ಕೆಟ್ಟಾಗ ಬಿಚ್ಚಿ ನೋಡಿದ ಅನುಭವ ಮಾತ್ರ ಇದೆ. ಅದರ ಮೇಲೆ ಹೇಳುತ್ತೇನೆ. ಬೆಲೆ ಹೋಲಿಸುವ ಮೊದಲು ನಿಮ್ಮನ್ನು ನೀವು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ ಇದೆ. ನಾಳೆ ಮದುವೆಯ ಆಲ್ಬಂ ಕೊಡಬೇಕು, ಇವತ್ತು ರಾತ್ರಿ ಯಂತ್ರ ಆನ್ ಆಗಲಿಲ್ಲ. ಆಗ ಅದನ್ನು ಸರಿಮಾಡುವವರು ಯಾರು, ಬೇಕಾದ ಭಾಗ ಎಲ್ಲಿಂದ ಬರುತ್ತದೆ, ಎಷ್ಟು ಹೊತ್ತಿನಲ್ಲಿ ಬರುತ್ತದೆ? ಬೆಂಗಳೂರಿನಲ್ಲಿ ಕೂತವರಿಗೆ ಈ ಪ್ರಶ್ನೆ ಅಷ್ಟು ಮುಖ್ಯ ಅಲ್ಲದಿರಬಹುದು. ನಾವುಂದದಲ್ಲಿ ಇದೇ ಮೊದಲನೆಯದು.

ವರ್ಕ್‌ಸ್ಟೇಷನ್‌ಗೆ ಕೊಡುವ ಹೆಚ್ಚಿನ ಹಣ ಎಲ್ಲಿಗೆ ಹೋಗುತ್ತದೆ ಎಂದು ತಿಳಿಯದೆ ಅದನ್ನು ಬೈಯುವುದು ತಪ್ಪು. ಎಚ್‌ಪಿಯ ಝಡ್ ಸರಣಿ, ಲೆನೊವೊದ ಥಿಂಕ್‌ಸ್ಟೇಷನ್, ಡೆಲ್‌ನಲ್ಲಿ ಮೊನ್ನೆಮೊನ್ನೆಯವರೆಗೆ ಪ್ರಿಸಿಷನ್ ಎಂದಿದ್ದು 2025ರಲ್ಲಿ ಪ್ರೊ ಮ್ಯಾಕ್ಸ್ ಎಂದು ಹೆಸರು ಬದಲಾದ ಸರಣಿ, ಇವುಗಳ ಮೇಲ್ದರ್ಜೆಯ ಮಾದರಿಗಳಲ್ಲಿ ಇಸಿಸಿ ಮೆಮೊರಿ ಇರುತ್ತದೆ. ಕಂಪ್ಯೂಟರಿನ ಮೆಮೊರಿಯಲ್ಲಿ ಒಂದು ಬಿಟ್ ಯಾರೂ ಮುಟ್ಟದೆಯೇ ಸೊನ್ನೆಯಿಂದ ಒಂದಕ್ಕೆ ಮಗುಚುವುದುಂಟು. ಗೂಗಲ್ ಸರ್ವರ್‌ಗಳ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ವರ್ಷವೊಂದರಲ್ಲಿ ನೂರಕ್ಕೆ ಎಂಟಕ್ಕಿಂತ ಹೆಚ್ಚು ಮೆಮೊರಿ ಪಟ್ಟಿಗಳಲ್ಲಿ ದೋಷ ಕಂಡುಬಂದಿತ್ತು. 2003ರಲ್ಲಿ ಬೆಲ್ಜಿಯಂನ ಚುನಾವಣೆಯೊಂದರಲ್ಲಿ ಒಬ್ಬ ಅಭ್ಯರ್ಥಿಗೆ 4096 ಮತ ಹೆಚ್ಚಿಗೆ ಬಿದ್ದಿದ್ದು ಹೀಗೆಯೇ ಒಂದು ಬಿಟ್ ಮಗುಚಿದ್ದರಿಂದ ಎಂದು ತಜ್ಞರು ಶಂಕಿಸಿದರು. ಇಸಿಸಿ ಅಂಥ ತಪ್ಪನ್ನು ಅಲ್ಲೇ ಹಿಡಿದು ತಿದ್ದುತ್ತದೆ. ಈಗಿನ ಡಿಡಿಆರ್5 ಮೆಮೊರಿಯಲ್ಲಿ ಚಿಪ್ಪಿನೊಳಗೇ ಒಂದು ತಿದ್ದುವ ವ್ಯವಸ್ಥೆ ಇದೆ ಎಂದು ಅಂಗಡಿಯವರು ಹೇಳುತ್ತಾರೆ, ಅದು ನಿಜ. ಆದರೆ ಚಿಪ್ಪಿನಿಂದ ಪ್ರೊಸೆಸರ್‌ವರೆಗಿನ ದಾರಿಯನ್ನು ಅದು ಕಾಯುವುದಿಲ್ಲ; ಪೂರ್ತಿ ಇಸಿಸಿಗೆ ಅದು ಸಮ ಅಲ್ಲ.

ಇನ್ನೊಂದು, ಪ್ರಮಾಣೀಕೃತ ಗ್ರಾಫಿಕ್ಸ್ ಕಾರ್ಡ್. ಸಾಲಿಡ್‌ವರ್ಕ್ಸ್‌ನಂಥ ಯಂತ್ರವಿನ್ಯಾಸದ ತಂತ್ರಾಂಶ ಮಾಡುವವರು ಇಂಥ ಕಾರ್ಡ್, ಇಂಥ ಡ್ರೈವರ್ ಎಂದು ಪರೀಕ್ಷಿಸಿ ಪಟ್ಟಿ ಕೊಡುತ್ತಾರೆ. ತೊಂದರೆಯಾದರೆ ಆ ಪಟ್ಟಿಯಲ್ಲಿರುವ ಯಂತ್ರಕ್ಕೆ ಅವರು ಉತ್ತರದಾಯಿ. ಮತ್ತೆ ಉಳಿದದ್ದು, ಎಂಜಿನಿಯರ್ ನಿಮ್ಮ ಬಾಗಿಲಿಗೆ ಬಂದು ರಿಪೇರಿ ಮಾಡುವ ವಾರಂಟಿ, ಸಾಮಾನ್ಯವಾಗಿ ಮೂರು ವರ್ಷ.

ಈಗ ನಿಮ್ಮ ಕೆಲಸಕ್ಕೆ ಬನ್ನಿ. ಹತ್ತು ಮಹಡಿಯ ಕಟ್ಟಡದ ಭಾರ, ಗಾಳಿ, ಭೂಕಂಪದ ಲೆಕ್ಕ ಮಾಡುವ ಸ್ಟ್ರಕ್ಚರಲ್ ಎಂಜಿನಿಯರ್‌ಗೆ ಇಸಿಸಿ ಬೇಕು ಎಂದರೆ ನಾನು ಒಪ್ಪುತ್ತೇನೆ. ನಾಲ್ಕೈದು ಜನ ಕೂತು ಕೆಲಸ ಮಾಡುವ ಕಚೇರಿ, ಕ್ಯಾಬಿನೆಟ್ ಬಿಚ್ಚಲು ಗೊತ್ತಿರುವವರು ಒಬ್ಬರೂ ಇಲ್ಲ, ಒಂದು ದಿನ ನಿಂತರೆ ಎಲ್ಲರ ಸಂಬಳ ನಷ್ಟ. ಅವರೂ ಕಣ್ಣುಮುಚ್ಚಿ ಬ್ರ್ಯಾಂಡೆಡ್ ವರ್ಕ್‌ಸ್ಟೇಷನ್ ತರಲಿ. ಆದರೆ ಮದುವೆ ವಿಡಿಯೊದ ಒಂದು ಫ್ರೇಮಿನಲ್ಲಿ ಒಂದು ಚುಕ್ಕೆಯ ಬಣ್ಣ ಬದಲಾದರೆ ಮದುಮಗಳಿಗೂ ಕಾಣುವುದಿಲ್ಲ. ಆಟೊಕ್ಯಾಡ್‌ನಲ್ಲಿ ಎರಡು ಆಯಾಮದ ಮನೆ ನಕ್ಷೆ, ಸ್ಕೆಚ್‌ಅಪ್‌ನಲ್ಲಿ ಎಲಿವೇಷನ್, ಫೋಟೊಶಾಪ್‌ನಲ್ಲಿ ಆಲ್ಬಂ, ನುಡಿ ತಂತ್ರಾಂಶದಲ್ಲಿ ಆಮಂತ್ರಣ ಪತ್ರಿಕೆ: ಇವಕ್ಕೆ ಯಾರದ್ದೂ ಪ್ರಮಾಣಪತ್ರ ಬೇಡ. ನೀವು ಅದಕ್ಕಾಗಿ ಕೊಡುವ ಹಣ ನಿಮ್ಮ ಕೆಲಸಕ್ಕೆ ಸೇರುವುದಿಲ್ಲ.

ಬಾಗಿಲಿಗೆ ಬರುವ ವಾರಂಟಿಯ ಬಗ್ಗೆ ನಿಮ್ಮನ್ನು ಸ್ವಲ್ಪ ಎಚ್ಚರಿಸಬೇಕು. ಮರುದಿನವೇ ಬರುತ್ತಾರೆ ಎಂಬ ಮಾತು ಕೆಲಸದ ದಿನಗಳ ಲೆಕ್ಕದ್ದು, ಅದೂ ಊರಿನಿಂದ ಊರಿಗೆ ಬೇರೆ. ಎಂಜಿನಿಯರ್ ಮಂಗಳೂರಿನಿಂದ ಹೊರಟರೆ ನೂರು ಕಿಲೋಮೀಟರಿಗೂ ಮಿಕ್ಕ ದಾರಿ. ಶನಿವಾರ ಸಂಜೆ ಕೆಟ್ಟಿತೆಂದರೆ ಸೋಮವಾರಕ್ಕೆ ದೂರು ದಾಖಲಾಗುತ್ತದೆ, ಆಮೇಲೆ ಭಾಗ ಹೊರಡಬೇಕು. ಕೊಳ್ಳುವ ಮೊದಲು ನಿಮ್ಮ ಪಿನ್‌ಕೋಡ್ ಹೇಳಿ, ಇಲ್ಲಿಗೆ ಎಷ್ಟು ದಿನದಲ್ಲಿ ಬರುತ್ತೀರಿ ಎಂದು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ಬರೆದು ಕೊಡದಿದ್ದರೆ ಆ ವಾರಂಟಿಗೆ ಹೆಚ್ಚಿನ ದುಡ್ಡು ಕೊಡಬೇಡಿ.

ಇಲ್ಲಿ ನನ್ನ ಮನಸ್ಸಿಗೆ ಅಸೆಂಬಲ್ಡ್ ಯಂತ್ರವೇ ಹತ್ತಿರವಾಗಲು ಕಾರಣ ಹೇಳುತ್ತೇನೆ. 1981ರಲ್ಲಿ ಐಬಿಎಂ ತನ್ನ ಪಿಸಿಯನ್ನು ಮಾರುಕಟ್ಟೆಯಲ್ಲಿ ಸಿಗುವ ಬಿಡಿಭಾಗಗಳಿಂದಲೇ ಕಟ್ಟಿತು. 1995ರಲ್ಲಿ ಇಂಟೆಲ್ ಎಟಿಎಕ್ಸ್ ಎಂಬ ಅಳತೆ ತಂದಿತು: ಮದರ್‌ಬೋರ್ಡಿನ ಉದ್ದಗಲ, ಸ್ಕ್ರೂ ಹಾಕುವ ತೂತು, ಕರೆಂಟ್ ಪೂರೈಸುವ ಎಸ್‌ಎಂಪಿಎಸ್‌ನ ಕನೆಕ್ಟರ್, ಎಲ್ಲಕ್ಕೂ ಒಂದು ನಿಯಮ. ಇವತ್ತಿಗೂ ಯಾವುದೋ ಕಂಪನಿಯ ಎಸ್‌ಎಂಪಿಎಸ್ ಇನ್ಯಾವುದೋ ಕಂಪನಿಯ ಬೋರ್ಡಿಗೆ ಕೂರುತ್ತದೆ ಎಂದರೆ ಆ ಅಳತೆಯ ಪುಣ್ಯ. ದೊಡ್ಡ ಕಂಪನಿಗಳ ವರ್ಕ್‌ಸ್ಟೇಷನ್‌ಗಳಲ್ಲಿ ಬಹುತೇಕ ಈ ಅಳತೆ ಇರುವುದಿಲ್ಲ. ಬೋರ್ಡಿನ ಆಕಾರ ಅವರದ್ದೇ, ಎಸ್‌ಎಂಪಿಎಸ್ ಅವರದ್ದೇ, ಕನೆಕ್ಟರಿನ ಪಿನ್‌ಗಳೂ ಅವರದ್ದೇ. ವಾರಂಟಿ ಮುಗಿದ ಮೇಲೆ ಎಸ್‌ಎಂಪಿಎಸ್ ಸುಟ್ಟರೆ ಕುಂದಾಪುರದ ಅಂಗಡಿಯಲ್ಲಿ ಅದಕ್ಕೆ ಬದಲಿ ಸಿಗುವುದಿಲ್ಲ. ಅದೇ ಎಟಿಎಕ್ಸ್ ಯಂತ್ರವಾದರೆ ಬೆಳಿಗ್ಗೆ ಬಸ್ಸು ಹತ್ತಿ ಕುಂದಾಪುರಕ್ಕೆ ಹೋಗಿ ತಂದು ಮಧ್ಯಾಹ್ನದ ಊಟಕ್ಕೆ ಮೊದಲೇ ಚಾಲೂ ಮಾಡಬಹುದು.

ಮರವಂತೆಯ ನಾಡದೋಣಿಯವರು ಹೊರಗೆ ತೂಗುವ ಎಂಜಿನನ್ನು ಕಂಪನಿಯಿಂದ ಕೊಂಡರೂ ದೋಣಿಯನ್ನು ಇಲ್ಲೇ ರಿಪೇರಿ ಆಗುವಂತೆ ಕಟ್ಟಿಸುತ್ತಾರೆ. ಕಡಲಿಗೆ ಇಳಿಯುವ ಹೊತ್ತಿಗೆ ಯಾರಿಗೂ ಕಾಯುವಂತಿಲ್ಲ ಎನ್ನುವುದು ಅವರಿಗೆ ಗೊತ್ತು.

ಕಂಪನಿಯ ಹೆಸರು ದೊಡ್ಡದಿದ್ದರೆ ಅದು ಶಾಶ್ವತ ಎಂದೂ ತಿಳಿಯಬೇಡಿ. ಬೆಂಗಳೂರಿನ ವಿಪ್ರೊ 1980ರ ದಶಕದಿಂದ ಕಂಪ್ಯೂಟರ್ ಮಾಡುತ್ತಿತ್ತು; ಸರ್ಕಾರಿ ಕಚೇರಿ, ಬ್ಯಾಂಕುಗಳಲ್ಲಿ ಅದರ ಡೆಸ್ಕ್‌ಟಾಪ್ ಕಂಡವರು ನಿಮ್ಮಲ್ಲೇ ಇದ್ದೀರಿ. 2013ರಲ್ಲಿ ಅದು ತನ್ನ ಹೆಸರಿನ ಡೆಸ್ಕ್‌ಟಾಪ್, ಲ್ಯಾಪ್‌ಟಾಪ್ ತಯಾರಿಕೆಯನ್ನು ನಿಲ್ಲಿಸಿತು. ಬಿಡಿಭಾಗದ ಯಂತ್ರದಲ್ಲಿ ಒಂದು ಕಂಪನಿ ಬಾಗಿಲು ಹಾಕಿದರೆ ಒಂದು ಭಾಗ ಮಾತ್ರ ಅನಾಥವಾಗುತ್ತದೆ.

ಇನ್ನು ಯಾವ ಕೆಲಸಕ್ಕೆ ಏನು ಹಾಕಬೇಕು ಎಂಬುದು. ಅಂಗಡಿಯವರು ತಪ್ಪು ದಾರಿಗೆ ಹಚ್ಚುವುದು ಹೆಚ್ಚಾಗಿ ಇಲ್ಲೇ, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ವಿಡಿಯೊದವರೇ, ನಿಮ್ಮ ಕ್ಯಾಮೆರಾದ ಮೆನು ತೆರೆದು ನೋಡಿ. ಸೋನಿ, ಕ್ಯಾನನ್‌ನ ಈಚಿನ ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ 10 ಬಿಟ್ 4:2:2 ಎಂಬ ರೀತಿಯಲ್ಲಿ ಎಚ್.265 ರೆಕಾರ್ಡ್ ಆಗುತ್ತದೆ. ಬಣ್ಣ ತಿದ್ದಲು ಅದು ಬಹಳ ಒಳ್ಳೆಯದು, ಆದರೆ ಆ ಫೈಲನ್ನು ಬಿಡಿಸಿ ತೋರಿಸಲು ಯಂತ್ರದಲ್ಲಿ ಅದಕ್ಕೆಂದೇ ಇರುವ ಭಾಗ ಬೇಕು. ಇಂಟೆಲ್ 12ನೇ ತಲೆಮಾರು ಮತ್ತು ಅದರಿಂದ ಈಚಿನ ಪ್ರೊಸೆಸರ್‌ಗಳ ಒಳಗಿರುವ ಸಣ್ಣ ಗ್ರಾಫಿಕ್ಸ್‌ನಲ್ಲಿ ಕ್ವಿಕ್ ಸಿಂಕ್ ಹೆಸರಿನಲ್ಲಿ ಅದು ಇದೆ. ಎನ್‌ವಿಡಿಯಾ ಕಾರ್ಡುಗಳಲ್ಲಿ 2025ರಲ್ಲಿ ಬಂದ ಆರ್‌ಟಿಎಕ್ಸ್ 50 ಸರಣಿಗೆ ಮೊದಲು ಇರಲಿಲ್ಲ. ಅಂದರೆ ಐವತ್ತು ಸಾವಿರದ ಹಳೆಯ ಕಾರ್ಡ್ ಹಾಕಿಯೂ ಟೈಮ್‌ಲೈನ್ ತಡವರಿಸಬಹುದು, ಕಾರ್ಡೇ ಇಲ್ಲದ ಕೋರ್ ಐ5 ಸಲೀಸಾಗಿ ಓಡಿಸಬಹುದು. ಇಲ್ಲೊಂದು ಹಳ್ಳ ಇದೆ: ಪ್ರೊಸೆಸರ್ ಹೆಸರಿನ ಕೊನೆಯಲ್ಲಿ ಎಫ್ ಅಕ್ಷರ ಇದ್ದರೆ ಅದರೊಳಗೆ ಗ್ರಾಫಿಕ್ಸ್ ಇಲ್ಲ, ಕ್ವಿಕ್ ಸಿಂಕ್ ಕೂಡ ಇಲ್ಲ. ಒಂದೆರಡು ಸಾವಿರ ಉಳಿಸಲು ಅದನ್ನು ಕೊಳ್ಳಬೇಡಿ. ಎಎಂಡಿಯ ರೈಝನ್ ಪ್ರೊಸೆಸರ್ ಬೇಕೆನ್ನುವವರು ಜೊತೆಗೆ ಆರ್‌ಟಿಎಕ್ಸ್ 50 ಸರಣಿಯ ಕಾರ್ಡ್ ಹಾಕಿಸಿ. ಡಾವಿಂಚಿ ರಿಸಾಲ್ವ್‌ನಲ್ಲಿ ಕೆಲಸ ಮಾಡುವವರಿಗೆ ಕಾರ್ಡಿನ ಮೆಮೊರಿ ಮುಖ್ಯ. 8 ಜಿಬಿಯಲ್ಲಿ ಒದ್ದಾಡುವುದಕ್ಕಿಂತ 16 ಜಿಬಿ ತೆಗೆದುಕೊಳ್ಳುವುದು ವಾಸಿ.

ನಕ್ಷೆಯವರಿಗೆ ಇದರ ತದ್ವಿರುದ್ಧ. ಆಟೊಕ್ಯಾಡ್‌ನ ಹೆಚ್ಚಿನ ಕೆಲಸ ಒಂದೇ ಕೋರಿನಲ್ಲಿ ನಡೆಯುತ್ತದೆ. ಇಪ್ಪತ್ನಾಲ್ಕು ಕೋರ್ ಇದೆ ಎಂದು ಹೇಳಿ ಯಾರಾದರೂ ಮಾರಲು ಬಂದರೆ, ಒಂದು ಕೋರಿನ ವೇಗ ಎಷ್ಟು ಎಂದು ಕೇಳಿ. ವೇಗದ ಸಾಮಾನ್ಯ ಪ್ರೊಸೆಸರ್, 32 ಜಿಬಿ ಮೆಮೊರಿ, ಮಧ್ಯಮ ಕಾರ್ಡ್, ದೊಡ್ಡ ಪರದೆ. ಇಷ್ಟು ಸಾಕು. ಉಳಿದ ದುಡ್ಡಿನಲ್ಲಿ ಒಳ್ಳೆಯ ಕುರ್ಚಿ ತನ್ನಿ, ಬೆನ್ನು ನಿಮ್ಮದೇ.

ಬೆಂಗಳೂರಿನ ಕಂಪ್ಯೂಟರ್ ಅಂಗಡಿಗಳ ಎಸ್.ಪಿ. ರೋಡಿನಿಂದ ಬರುವ, ಇಂಟೆಲ್ ಝಿಯಾನ್ ಪ್ರೊಸೆಸರಿನ ಹಳೆಯ ವರ್ಕ್‌ಸ್ಟೇಷನ್‌ಗಳ ಮೋಹ ನಮ್ಮ ಹುಡುಗರಲ್ಲಿ ಬಹಳ ಇದೆ. ಕಂಪನಿಗಳು ಕಚೇರಿಯಿಂದ ಹೊರಹಾಕಿದ ಯಂತ್ರ, ನೋಡಲು ಕಬ್ಬಿಣದ ಪೆಟ್ಟಿಗೆಯಂತೆ ಗಟ್ಟಿ, ಎರಡೆರಡು ಪ್ರೊಸೆಸರ್, ಬೆಲೆಯೂ ಅಗ್ಗ. ಆದರೆ 2014, 2016ರ ಕಾಲದ ಝಿಯಾನ್ ಇ5ನ ಒಂದು ಕೋರಿನ ವೇಗ ಇವತ್ತಿನ ಕೋರ್ ಐ3ಗಿಂತ ಕಡಿಮೆ. ಒಳಗೆ ಗ್ರಾಫಿಕ್ಸ್ ಇಲ್ಲದ್ದರಿಂದ ಕ್ವಿಕ್ ಸಿಂಕ್ ಇಲ್ಲ. ವಿಂಡೋಸ್ 11ರ ಪಟ್ಟಿಯಲ್ಲಿ ಅವು ಇಲ್ಲ. ಮತ್ತೆ ಅದೇ ತೊಂದರೆ, ಕಂಪನಿಯದ್ದೇ ಆಕಾರದ ಎಸ್‌ಎಂಪಿಎಸ್. ಇದು ಎರಡೂ ದಾರಿಯ ತೊಂದರೆಗಳನ್ನು ಒಟ್ಟಿಗೆ ತಂದುಕೊಳ್ಳುವ ಮೂರನೇ ದಾರಿ. ದಯವಿಟ್ಟು ಬೇಡ.

ಆಪಲ್‌ನ ಮ್ಯಾಕ್ ಮಿನಿ ಬಗ್ಗೆ ಕೇಳುವವರೂ ಇದ್ದೀರಿ. 2024ರಲ್ಲಿ ಬಂದ ಎಂ4 ಮ್ಯಾಕ್ ಮಿನಿಗೆ ಭಾರತದಲ್ಲಿ ಆರಂಭದ ಬೆಲೆ 59,900 ರೂಪಾಯಿ ಇತ್ತು. 4:2:2 ಫೈಲುಗಳನ್ನು ಅದು ಸುಲಭವಾಗಿ ಬಿಡಿಸುತ್ತದೆ, ಗರಿಷ್ಠ 65 ವಾಟ್ ಮಾತ್ರ ಎಳೆಯುತ್ತದೆ. ಕರೆಂಟ್ ಕೈಕೊಡುವ ನಮ್ಮೂರಿಗೆ ಅದು ಸಣ್ಣ ಗುಣವಲ್ಲ. ಆದರೆ ಮೆಮೊರಿ ಆಮೇಲೆ ಹೆಚ್ಚಿಸಲಾಗುವುದಿಲ್ಲ, ಕೆಟ್ಟರೆ ಇಲ್ಲಿ ಯಾರೂ ಬಿಚ್ಚಲಾರರು. ಎಡಿಟಿಂಗ್ ಮಾತ್ರ ಮಾಡುವವರು, ಇನ್ನೊಂದು ಯಂತ್ರ ಕೈಯಲ್ಲಿ ಇರುವವರು ತೆಗೆದುಕೊಳ್ಳಬಹುದು. ನಕ್ಷೆಯವರಿಗೆ ಬೇಡ.

ಈಗ ನಮ್ಮೂರಿನ ನಿಜವಾದ ಶತ್ರುಗಳ ವಿಷಯ. ಬ್ರ್ಯಾಂಡೆಡ್ ಆಗಲಿ ಅಸೆಂಬಲ್ಡ್ ಆಗಲಿ, ಇಲ್ಲಿ ಯಂತ್ರ ಸಾಯುವುದು ಹೆಚ್ಚಾಗಿ ಕರೆಂಟಿನಿಂದ, ಸಿಡಿಲಿನಿಂದ, ಉಪ್ಪುಗಾಳಿಯಿಂದ. ಸಿಡಿಲು, ವೋಲ್ಟೇಜ್ ಏರಿಳಿತ, ತುಕ್ಕು, ಇರುವೆ, ಹಲ್ಲಿ: ಸಾಮಾನ್ಯ ವಾರಂಟಿಯಲ್ಲಿ ಇವುಗಳಿಗೆ ಜಾಗ ಇರುವುದಿಲ್ಲ. ಬೇರೆ ಹಣ ಕೊಟ್ಟು ಅಪಘಾತ ರಕ್ಷಣೆ ಮಾಡಿಸಿದರೂ ಷರತ್ತು ಓದಿ ಸಹಿ ಹಾಕಿ.

600 ವಿಎ ಯುಪಿಎಸ್ ಇದೆ ಎಂದು ನೆಮ್ಮದಿಯಾಗಿರುವವರಿಗೆ ಒಂದು ಲೆಕ್ಕ. ಅದು ಕೊಡುವುದು ಸಾಮಾನ್ಯವಾಗಿ 360 ವಾಟ್. ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇರುವ ಯಂತ್ರ ರೆಂಡರ್ ಮಾಡುವಾಗ 400 ವಾಟ್ ದಾಟುತ್ತದೆ. ಕರೆಂಟ್ ಹೋದ ಕ್ಷಣಕ್ಕೆ ಯುಪಿಎಸ್ ಕೂಗಿ ಆರಿಹೋಗುತ್ತದೆ, ಇದ್ದೂ ಇಲ್ಲದ ಹಾಗೆ. ಅಂಥ ಯಂತ್ರಕ್ಕೆ ಸಾವಿರ, ಸಾವಿರದ ಇನ್ನೂರು ವಿಎಗಿಂತ ಕಡಿಮೆ ಬೇಡ. ಪೆಟ್ಟಿಗೆಯ ಮೇಲೆ ವಾಟ್ ಎಷ್ಟು ಬರೆದಿದೆ ನೋಡಿ. ಮನೆಯ ಇನ್ವರ್ಟರಿಗೆ ಜೋಡಿಸುವವರು ಅದರಲ್ಲಿ ಯುಪಿಎಸ್ ಮೋಡ್ ಇದೆಯೇ, ಸೈನ್ ವೇವ್ ಇದೆಯೇ ಎಂದು ಖಚಿತ ಮಾಡಿಕೊಳ್ಳಿ. ಎಸ್‌ಎಂಪಿಎಸ್ ಕರೆಂಟ್ ಇಲ್ಲದೆ ತಾಳುವುದು ಸೆಕೆಂಡಿನ ನೂರನೇ ಒಂದು ಭಾಗಕ್ಕಿಂತ ಚೂರು ಹೆಚ್ಚು ಹೊತ್ತು. ಇನ್ವರ್ಟರ್ ಅದಕ್ಕಿಂತ ತಡ ಮಾಡಿದರೆ ನೀವು ಮಾಡಿದ ಕೆಲಸ ಹೋದಂತೆಯೇ.

ಅರ್ಥಿಂಗ್ ಎಂಬುದನ್ನು ಮನೆ ಕಟ್ಟುವಾಗ ಹಾಕಿ ಮರೆತವರೇ ಹೆಚ್ಚು. ಕಡಲಬದಿಯ ಮರಳು ನೆಲ ಬೇಸಗೆಯಲ್ಲಿ ಒಣಗಿದಾಗ ಕರೆಂಟನ್ನು ಸರಿಯಾಗಿ ನೆಲಕ್ಕೆ ಇಳಿಸುವುದಿಲ್ಲ. ಸಿಡಿಲು ಜೋರಾಗುವುದೂ ಮಳೆಗಾಲಕ್ಕೆ ಮೊದಲಿನ ಏಪ್ರಿಲ್, ಮೇ ತಿಂಗಳಲ್ಲೇ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ನ ಕರೆಸಿ ನ್ಯೂಟ್ರಲ್ ಮತ್ತು ಅರ್ಥ್ ನಡುವಿನ ವೋಲ್ಟೇಜ್ ಅಳೆಸಿ. ಎರಡು ಮೂರು ವೋಲ್ಟ್ ಮೀರಿದರೆ ಮೊದಲು ಅದನ್ನು ಸರಿಮಾಡಿಸಿ, ಆಮೇಲೆ ಕಂಪ್ಯೂಟರ್ ತನ್ನಿ. ಗುಡುಗು ಕೇಳಿದ ಕೂಡಲೇ ಪ್ಲಗ್ ಕೀಳುವವರೂ ಲ್ಯಾನ್ ಕೇಬಲ್ ಮರೆಯುತ್ತಾರೆ. ಕಂಬದಿಂದ ತಾಮ್ರದ ತಂತಿಯಲ್ಲಿ ಇಂಟರ್ನೆಟ್ ಬರುತ್ತಿದ್ದರೆ ಸಿಡಿಲು ಅದೇ ದಾರಿಯಲ್ಲಿ ಬಂದು ಮದರ್‌ಬೋರ್ಡ್ ಸುಡುತ್ತದೆ. ಫೈಬರ್ ಹಾಕಿಸಿಕೊಂಡವರಿಗೆ ಆ ಭಯ ಕಡಿಮೆ.

ಹೆದ್ದಾರಿಯ ಪಡುವಣಕ್ಕೆ, ಅಲೆಯ ಸದ್ದು ಕೇಳುವಷ್ಟು ಹತ್ತಿರ ಸ್ಟುಡಿಯೋ ಇರುವವರು ಮುಂದಿನ ಮಾತನ್ನು ಗಮನಿಸಿ. ಉಪ್ಪಿನ ತೇವ ಮೆಮೊರಿ, ಕಾರ್ಡುಗಳ ಸಂಪರ್ಕದ ತುದಿಗಳ ಮೇಲೆ ಕೂತು ಕಿಲುಬು ಹಿಡಿಸುತ್ತದೆ. ನಮ್ಮ ಕಡೆ ಮಳೆಗಾಲದಲ್ಲಿ ಯಂತ್ರವನ್ನು ಮುಚ್ಚಿಟ್ಟು ವಾರಗಟ್ಟಲೆ ಬಿಟ್ಟರೆ ಹಾಳಾಗುವುದು ಬೇಗ. ಕೆಲಸ ಇಲ್ಲದಿದ್ದರೂ ದಿನಕ್ಕೊಮ್ಮೆ ಆನ್ ಮಾಡಿ ಸ್ವಲ್ಪ ಹೊತ್ತು ಬಿಡಿ, ಒಳಗಿನ ಬಿಸಿಗೆ ತೇವ ಆರುತ್ತದೆ. ಕ್ಯಾಬಿನೆಟ್ ಆರಿಸುವಾಗ ಗಾಜು, ಬಣ್ಣದ ದೀಪ ನೋಡದೆ, ಗಾಳಿ ಒಳಬರುವಲ್ಲಿ ತೆಗೆದು ತೊಳೆಯಬಹುದಾದ ಫಿಲ್ಟರ್ ಇದೆಯೇ ನೋಡಿ. ಅಸೆಂಬಲ್ ಮಾಡುವವರಿಗೆ ಈ ಆಯ್ಕೆ ಕೈಯಲ್ಲಿದೆ, ಸಿದ್ಧ ಯಂತ್ರ ತರುವವರಿಗೆ ಇಲ್ಲ.

ಕೊಳ್ಳುವ ರೀತಿಯ ಬಗ್ಗೆ ಸ್ವಲ್ಪ. 2025ರ ಕೊನೆಯಿಂದ ಮೆಮೊರಿಯ ಬೆಲೆ ವಿಪರೀತ ಏರಿತು. ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳು ಚಿಪ್ಪನ್ನೆಲ್ಲ ಬಾಚಿಕೊಳ್ಳುತ್ತಿವೆ. ಮೈಕ್ರಾನ್ ಕಂಪನಿ ನಮ್ಮಂಥವರಿಗೆ ಮಾರುತ್ತಿದ್ದ ತನ್ನ ಕ್ರೂಷಿಯಲ್ ಹೆಸರಿನ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಅದೇ ಡಿಸೆಂಬರಿನಲ್ಲಿ ಘೋಷಿಸಿತು. ದೊಡ್ಡ ಕಂಪನಿಗಳು ಮೆಮೊರಿಯನ್ನು ಮುಂಗಡ ಕರಾರಿನಲ್ಲಿ ಕೊಳ್ಳುವುದರಿಂದ ಕೆಲವು ವಾರ ಸಿದ್ಧ ಯಂತ್ರವೇ ಅಗ್ಗ ಬೀಳಬಹುದು. ಆದ್ದರಿಂದ ಎರಡೂ ಕಡೆಯ ಕೊಟೇಷನ್ ಒಂದೇ ವಾರದಲ್ಲಿ ತೆಗೆಸಿ ಹೋಲಿಸಿ. ಕಳೆದ ವರ್ಷ ಪಕ್ಕದವರು ಕೊಟ್ಟ ಬೆಲೆಯನ್ನು ಹಿಡಿದು ವಾದಿಸಬೇಡಿ. ನಾಲ್ಕು ಸ್ಲಾಟ್ ಇದ್ದರೂ ಡಿಡಿಆರ್5ನಲ್ಲಿ ನಾಲ್ಕೂ ತುಂಬಿದರೆ ವೇಗ ಇಳಿಯುತ್ತದೆ, ಹಾಗಾಗಿ ಎರಡೇ ಪಟ್ಟಿಯಲ್ಲಿ ಬೇಕಾದಷ್ಟು ಹಾಕಿಸಿ.

ಬೆಂಗಳೂರಿನ ಹೋಟೆಲಿನಲ್ಲಿರುವ ಅಣ್ಣನಿಗೆ ಹೇಳಿ ಎಸ್.ಪಿ. ರೋಡಿನಿಂದ ತರಿಸಿ, ರಾತ್ರಿ ಬಸ್ಸಿನ ಪಾರ್ಸೆಲಿನಲ್ಲಿ ಇಳಿಸಿಕೊಳ್ಳುವುದು ನಮ್ಮಲ್ಲಿ ರೂಢಿ. ಮಾಡಿ, ಆದರೆ ಪ್ರತಿ ಭಾಗದ ಸೀರಿಯಲ್ ನಂಬರ್ ಇರುವ ಜಿಎಸ್‌ಟಿ ಬಿಲ್ಲು ಇಲ್ಲದೆ ಒಂದು ಕೇಬಲನ್ನೂ ತರಿಸಬೇಡಿ. ಜಿಎಸ್‌ಟಿ ನೋಂದಣಿ ಇರುವವರಿಗೆ ಆ ಶೇಕಡ 18 ತೆರಿಗೆ ಇನ್‌ಪುಟ್ ಕ್ರೆಡಿಟ್ ಆಗಿ ಮರಳುತ್ತದೆ. ಬಾಕ್ಸ್ ಪ್ರೊಸೆಸರಿಗೆ ಮೂರು ವರ್ಷ, ಒಳ್ಳೆಯ ಎಸ್‌ಎಸ್‌ಡಿಗೆ ಐದು, ಒಳ್ಳೆಯ ಎಸ್‌ಎಂಪಿಎಸ್‌ಗೆ ಐದರಿಂದ ಹತ್ತು ವರ್ಷ ವಾರಂಟಿ ಇರುತ್ತದೆ. ಬಿಲ್ಲು ಇಲ್ಲದಿದ್ದರೆ ಯಾವುದೂ ಇಲ್ಲ. ಇಂಟೆಲ್‌ನ 13, 14ನೇ ತಲೆಮಾರಿನ ಕೆಲವು ಶಕ್ತಿಶಾಲಿ ಪ್ರೊಸೆಸರ್‌ಗಳು ವೋಲ್ಟೇಜ್ ದೋಷದಿಂದ ಕೆಡುತ್ತಿದ್ದುದು 2024ರಲ್ಲಿ ಬಯಲಾಗಿ, ಕಂಪನಿ ಅವಕ್ಕೆ ಎರಡು ವರ್ಷ ಹೆಚ್ಚಿನ ವಾರಂಟಿ ಕೊಟ್ಟಿತು. ಅಂಥದು ಈಗಾಗಲೇ ಇರುವವರು ಬಯೋಸ್ ಅಪ್‌ಡೇಟ್ ಮಾಡಿಸಿ, ಬಿಲ್ಲು ಹುಡುಕಿ ಇಟ್ಟುಕೊಳ್ಳಿ. ಸೆಕೆಂಡ್ ಹ್ಯಾಂಡ್‌ನಲ್ಲಿ ಅವನ್ನು ಮುಟ್ಟಬೇಡಿ.

ಕೆರಾಡಿಯಲ್ಲಿ 'ಕಾಂತಾರ' ಚಿತ್ರೀಕರಣ ನಡೆದಿದ್ದನ್ನು ನಮ್ಮ ಮಕ್ಕಳು ಕಣ್ಣಾರೆ ಕಂಡಿದ್ದಾರೆ. ರವಿ ಬಸ್ರೂರು ಬಸ್ರೂರಿನಲ್ಲೇ ಸ್ಟುಡಿಯೋ ಇಟ್ಟುಕೊಂಡು ದೊಡ್ಡ ಚಿತ್ರಗಳಿಗೆ ಸಂಗೀತ ಕೊಡುತ್ತಿದ್ದಾರೆ. ಊರು ಬಿಡದೆ ಈ ಕೆಲಸ ಮಾಡಬಹುದು ಎಂಬ ನಂಬಿಕೆ ಬಂದಿರುವ ಹೊತ್ತಿನಲ್ಲಿ ಒಬ್ಬ ಹುಡುಗ ತಪ್ಪು ಯಂತ್ರಕ್ಕೆ ಎರಡು ಲಕ್ಷ ಸಾಲ ಮಾಡಿ ಸೋತು ಬೆಂಗಳೂರು ಬಸ್ಸು ಹತ್ತುವುದನ್ನು ನೋಡಲು ನನ್ನಿಂದ ಆಗುವುದಿಲ್ಲ. ಅದಕ್ಕೇ ಇಷ್ಟು ಬರೆದೆ.

ಕೊನೆಗೆ ನಿಮ್ಮಲ್ಲಿ ಒಂದು ಬೇಡಿಕೆ. ನಾವುಂದದಿಂದ ಬೈಂದೂರಿನವರೆಗಿನ ಸ್ಟುಡಿಯೋದವರು, ನಕ್ಷೆಯವರು ಒಟ್ಟಾಗಿ ಎಲ್ಲರ ಪಾಲಿಗೂ ಸೇರಿದ ಬದಲಿ ಭಾಗಗಳ ಒಂದು ಪೆಟ್ಟಿಗೆ ಇಡೋಣ: 650 ವಾಟಿನ ಎಟಿಎಕ್ಸ್ ಎಸ್‌ಎಂಪಿಎಸ್ ಒಂದು, ಒಂದು ಟಿಬಿ ಎಸ್‌ಎಸ್‌ಡಿ ಒಂದು, ಮೆಮೊರಿ ಒಂದು ಜೊತೆ, ಸಾಧಾರಣ ಗ್ರಾಫಿಕ್ಸ್ ಕಾರ್ಡ್ ಒಂದು, ಸಾವಿರ ವಿಎ ಯುಪಿಎಸ್ ಒಂದು. ಯಾರದ್ದಾದರೂ ಕೆಟ್ಟ ರಾತ್ರಿ ಅದರಿಂದ ತೆಗೆದು ಹಾಕಿಕೊಂಡು, ಹೊಸದು ಬಂದ ಮೇಲೆ ಮರಳಿ ಇಟ್ಟರಾಯಿತು. ಮೆಮೊರಿಯ ಬಗೆ ಹೊಂದುವ ಎಟಿಎಕ್ಸ್ ಯಂತ್ರ ಇರುವವರೆಲ್ಲರಿಗೂ ಅದೇ ಪೆಟ್ಟಿಗೆ ಸಾಕು. ಹತ್ತು ಜನ ಸೇರಿದರೆ ಒಬ್ಬೊಬ್ಬರ ಪಾಲು ಭಾರವಾಗುವುದಿಲ್ಲ. ಜೋಡಿಸುವ ಕೆಲಸ ನನ್ನದು, ಅದಕ್ಕೆ ಕೂಲಿ ಬೇಡ. ಪೆಟ್ಟಿಗೆ ಇಡಲು ಒಣ ಜಾಗ ಯಾರ ಅಂಗಡಿಯಲ್ಲಿದೆ, ಯಾರ್‍ಯಾರು ಪಾಲುದಾರರಾಗುತ್ತೀರಿ ಎಂಬುದನ್ನು ಮೇ ತಿಂಗಳ ಸಿಡಿಲು ಶುರುವಾಗುವ ಮೊದಲು ತಿಳಿಸಿ.

ಇತಿ ನಿಮ್ಮವ,
ನಾವುಂದದ ಒಬ್ಬ ಕಂಪ್ಯೂಟರ್ ಜೋಡಿಸುವವ